ಮುಟ್ಟಬಾರದಿದ್ದ ಕಾಫಿ

ನಾಬ್ಲುಸ್, ಅಕ್ಟೋಬರ್ ೧೭, ಗುರುವಾರ

ಆ ಕಾಫಿಯ ಕಹಿ ಇನ್ನೂ ನಾಲಿಗೆಯಿಂದ ಹೋಗಿಲ್ಲ.

ತಮ್ಮನ ಮಗ ಮುಂತಸರ್‌ಗೆ ಹೆಣ್ಣು ಕೇಳಲು ಹಿರಿಯರೆಲ್ಲ ಅಬು ಹಿಕ್ಮತನ ಮನೆಗೆ ಹೋಗಿದ್ದೆವು. ಮೂವತ್ತು ವರ್ಷ ದೇಶದ ಪರವಾಗಿ ಮಾತುಕತೆಗೆ ಕೂತವನು ಎಂದು ನನ್ನನ್ನೇ ಮುಂದೆ ಕೂರಿಸಿದರು. ಕಾಫಿ ಬಂತು. ಕೇಳಿದ್ದಕ್ಕೆ ಮನೆಯವರು ಹೂಂ ಅನ್ನುವವರೆಗೆ ಬಟ್ಟಲು ಮುಟ್ಟಬಾರದು, ಕುಡಿದರೆ ಕೇಳುವುದು ಮುಗಿಯಿತು ಎಂದರ್ಥ, ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಹಳೇ ಅಭ್ಯಾಸದಲ್ಲಿ ಥ್ಯಾಂಕ್ಯೂ ಅಂದು ಕುಡಿದೇಬಿಟ್ಟೆ.

ಅಬು ಹಿಕ್ಮತನಿಗೆ ಮೊದಲೇ ಮನಸ್ಸಿರಲಿಲ್ಲ. "ಕಾಫಿ ಮುಗೀತಲ್ಲ ರಾಯಭಾರಿಗಳೇ, ಇನ್ನೇನು ಕೇಳ್ತೀರಿ? ಆ ದೊಡ್ಡ ದೊಡ್ಡ ಮೇಜುಗಳ ಮುಂದೆಯೂ ಹೀಗೇ ಮಾಡಿ ಬಂದ್ರಾ?" ಅಂದ. ಎಲ್ಲರೂ ನಕ್ಕರು. ಹೆಣ್ಣು ಕೊಡಲಿಲ್ಲ.

ಕಾರಿನಲ್ಲಿ ಮುಂತಸರ್, "ಬಿಡಿ ದೊಡ್ಡಪ್ಪ, ನಿಮ್ಮನ್ನ ಕರ್ಕೊಂಡು ಹೋದವನು ನಾನೇ ತಾನೇ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಬೈಯದೆ ಚುಚ್ಚುವ ಇಂಥ ಒಳ್ಳೆಯತನಕ್ಕೆ ಇಂಗ್ಲಿಷಿನಲ್ಲೊಂದು ಮಾತಿತ್ತು, ಕಾಲೇಜಿನಲ್ಲಿ ಓದಿದ್ದು. ಬಾಯಿಗೇ ಬರುತ್ತಿಲ್ಲ.

ನನ್ನವಳು ಇನ್ಸಾಫ್ ಬದುಕಿದ್ದರೆ ಬಾಗಿಲಲ್ಲೇ ತಡೆದು, "ರೀ, ಬಟ್ಟಲು ಮುಟ್ಟೀರಿ, ಜೋಕೆ" ಅನ್ನುತ್ತಿದ್ದಳು.

ಎಷ್ಟು ಊರು, ಎಷ್ಟು ಮೇಜು. ಎದುರು ಕೂತವರು ಕಾಫಿ ಕೊಟ್ಟರು, ನಾನು ಕುಡಿದೆ, ಎದ್ದು ಬಂದೆ. ಒಂದು ಬಟ್ಟಲನ್ನಾದರೂ ಹಾಗೇ ಇಟ್ಟು ಕೂತ ನೆನಪಿಲ್ಲ. ಮನೆಗೆ ಬಂದಾಗ ಏನು ತಂದಿರಿ ಎಂದು ಇನ್ಸಾಫ್ ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಖಾಲಿ ಬಟ್ಟಲನ್ನೇ ತೋರಿಸಬೇಕಿತ್ತು.