ಒಂದೇ ಒಲೆಯ ಲೆಕ್ಕ

ಸೋಮವಾರ, ತಾರೀಖು ಹನ್ನೆರಡು

ತಂಗಿಗೆ,

ಕ್ಷೇಮ ಸಮಾಚಾರ ಬರೆದು ಕಾಗದ ಹಾಳು ಮಾಡುವುದಿಲ್ಲ. ನೆರೆ ಬಂದುಹೋದ ಮೇಲೆ ನಿನ್ನ ಕ್ಷೇಮ ಎಷ್ಟಿದೆ ಎಂದು ನನಗೆ ಗೊತ್ತು. ನಿನ್ನೆ ನೀನು ಬಾಗಿಲ ಕೆಳಗೆ ತೂರಿಸಿ ಹೋದ ಚೀಟಿ ಓದಿದೆ. ನೀವಿಬ್ಬರೂ ಬಂದಾಗ ನಾನು ಓವರ್‌ಟೈಮಿಗೆ ಹೋಗಿದ್ದೆ. ಶಿಬಿರ ಮುಚ್ಚುತ್ತಾರಂತೆ, ಮಗಳಿಗೆ ಕೆಮ್ಮಂತೆ, ಮತ್ತೆ ನನ್ನ ಮನೆಗೆ ಬರಲೇ ಎಂದು ಕೇಳಿದ್ದೀ. ಬೇಡ. ಓದಿದೆಯಲ್ಲ? ಬೇಡ.

ಯಾಕೆ ಎಂದು ವಕೀಲ ನಿನಗೆ ಹೇಳಿದ್ದಾನೆ, ತಲೆಗೆ ಹತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಅರ್ಥವಾಯಿತು. ಮೊದಲೆಲ್ಲ ದಿವಾಳಿ ಅರ್ಜಿ ಹಾಕಿದವರ ಕೈಯಲ್ಲಿ ಏನು ಉಳಿದಿದೆ ಎಂದು ನೋಡುತ್ತಿದ್ದರು. ನಿನ್ನ ಹಾಸಿಗೆ ಅಂಗಡಿಯಲ್ಲಿ ಉಳಿದದ್ದೇನು? ನೀರು ಕುಡಿದು, ಸತ್ತ ಎಮ್ಮೆಯ ಹಾಗೆ ಉಬ್ಬಿದ ಹಾಸಿಗೆಗಳು. ಸಾಲ ಮನ್ನಾ ಆಗಿಬಿಡುತ್ತಿತ್ತು. ಈಗ ಮೋಸಗಾರರನ್ನು ಹಿಡಿಯುತ್ತೇವೆ ಎಂದು ಕಾನೂನು ತಿದ್ದಿದ್ದಾರೆ. ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರ ಆರು ತಿಂಗಳ ಸಂಪಾದನೆಯನ್ನೆಲ್ಲ ಒಟ್ಟು ಹಾಕುತ್ತಾರೆ. ಅವರು ಎಳೆದ ಗೆರೆ ದಾಟಿದರೆ ಮನ್ನಾ ಇಲ್ಲ, ಐದು ವರ್ಷ ಕಂತು ಕಟ್ಟು. ಅಂಗಡಿ ನೀರುಪಾಲಾಯಿತೇ? ಅದು ನಿನ್ನ ಹಣೆಬರಹ.

ಒಬ್ಬಳೇ ಇದ್ದಿದ್ದರೆ ಗೆರೆಯ ಹತ್ತಿರವೂ ಬರುತ್ತಿರಲಿಲ್ಲ ನೀನು. ಆದರೆ ನೆರೆಯಾದ ಮೇಲೆ ನನ್ನ ಮನೆಯಲ್ಲಿದ್ದೆ. ಅಡುಗೆ ಬೇರೆಯೋ ಒಟ್ಟಿಗೋ ಎಂದು ಅರ್ಜಿ ವಿಚಾರಿಸಲು ಬಂದ ಆ ಅಧಿಕಾರಿ ಕೇಳಿದ. ಬೇರೆ ಎನ್ನಲಿ ಎಂದೇ ಇರಬೇಕು, ಎರಡು ಸಲ ಕೇಳಿದ. ನೀನು ಎದೆಯುಬ್ಬಿಸಿಕೊಂಡು, "ನಮ್ಮಣ್ಣ ಇರೋವಾಗ ನಾನ್ಯಾಕ್ರೀ ಬೇರೆ ಒಲೆ ಹೂಡ್ಲಿ? ಅವನು ಬಡಿಸದೆ ನನ್ನ ಮಗಳು ತುತ್ತೇ ಎತ್ತಲ್ಲ" ಅಂದೆ. ದೊಡ್ಡ ಮರ್ಯಾದೆ ಉಳಿಸಿದೆ! ಪಕ್ಕದಲ್ಲಿ ನಾನು ಕಣ್ಣು ಮಿಟುಕಿಸಿ ಮಿಟುಕಿಸಿ ಸಾಕಾಯಿತು. "ಅಣ್ಣಾ, ಕಣ್ಣಿಗೇನಾದ್ರೂ ಬಿತ್ತಾ?" ಅಂತ ಬೇರೆ ಕೇಳಿದೆ. ಅವನು ಬರೆದುಕೊಂಡ. ಅಲ್ಲಿಗೆ ಮುಗಿಯಿತು.

ನಾನಾದರೂ ಆಸ್ಪತ್ರೆ ಲಾಂಡ್ರಿಯವನು, ಕೋಟ್ಯಧೀಶನಲ್ಲ. ಆದರೆ ನೆರೆಯ ಕೆಸರು ಹತ್ತಿದ ಬಟ್ಟೆ ಬೆಟ್ಟದಷ್ಟು ಬಂತು, ಓವರ್‌ಟೈಮ್ ಸಿಕ್ಕಿತು. ನಿನ್ನ ಅಂಗಡಿ ಮುಳುಗಿಸಿದ ನೀರೇ ನನ್ನ ಸಂಬಳ ಏರಿಸಿತು. ಆ ಸಂಬಳ ಸೇರಿಸಿ ನಿನ್ನ ಅರ್ಜಿ ತಳ್ಳಿಹಾಕಿದರು.

ಇನ್ನು ಆರು ತಿಂಗಳು ಬೇರೆ ಇದ್ದು ಮತ್ತೆ ಅರ್ಜಿ ಹಾಕಬೇಕಂತೆ. ಅದಕ್ಕೇ ನಿಮ್ಮನ್ನು ಶಿಬಿರಕ್ಕೆ ಅಟ್ಟಿದ್ದು. ಶುಕ್ರವಾರ ಅಧಿಕಾರಿ ನೀವಿಲ್ಲಿ ಇಲ್ಲ ತಾನೇ ಎಂದು ನೋಡಿಹೋಗಲು ಬಂದಿದ್ದ. ಬಚ್ಚಲಿಗೂ ಇಣುಕಿದ. ಅಡುಗೆಮನೆಯ ಗೂಟದಲ್ಲಿ ನಿನ್ನ ಮಗಳ ಹಳದಿ ಸ್ವೆಟರ್ ನೇತಾಡುತ್ತಿತ್ತು, ಯಾರದು ಎಂದ. ಒಲೆ ಒರೆಸುವ ಬಟ್ಟೆ ಎಂದೆ. ನಂಬದೆ ನನ್ನ ಮುಖವನ್ನೇ ನೋಡಿದ. ತೆಗೆದುಕೊಂಡು ಒರೆಸಿ ತೋರಿಸಿದೆ, ಎಣ್ಣೆ ಮಸಿ ಎಲ್ಲ ಹತ್ತುವ ಹಾಗೆ. ಇನ್ನು ಅವಳು ಅದನ್ನು ಕೇಳುವುದು ಬೇಡ. ಆ ಮಸಿ ನಮ್ಮ ಲಾಂಡ್ರಿಯ ಸೋಡಾಕ್ಕೂ ಬಗ್ಗುವುದಿಲ್ಲ.

ಶಿಬಿರ ಮುಚ್ಚಿದರೆ ನಿನ್ನ ಆ ಟೈಲರ್ ಗೆಳತಿಯ ಕೋಣೆಯಲ್ಲಿ ನೆಲ ಇದೆ. ಊರಿಗೆಲ್ಲ ಹಾಸಿಗೆ ಮಾರಿದವಳು ನೆಲದ ಮೇಲೆ ಮಲಗಿದರೆ ಯಾರೂ ನಗುವುದಿಲ್ಲ. ನಕ್ಕರೆ ನಗಲಿ. ಕೆಮ್ಮಿಗೆ ಬಿಸಿನೀರು ಕುಡಿಸು. ಈ ಕಡೆ ತಲೆ ಹಾಕಬೇಡ, ಚೀಟಿ ತೂರಿಸಬೇಡ, ಬೀದಿಯಲ್ಲಿ ಕಂಡರೆ ಅಣ್ಣಾ ಎನ್ನಬೇಡ.

ಆರು ತಿಂಗಳ ಮಟ್ಟಿಗೆ ನಿನಗೆ ಏನೂ ಆಗದ,
ಅಣ್ಣ

ಮರೆತದ್ದು: ನಿನ್ನೆ ಓವರ್‌ಟೈಮ್ ಇರಲಿಲ್ಲ. ಭಾನುವಾರ ಅಧಿಕಾರಿಗಳೂ ಬರುವುದಿಲ್ಲ. ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ತೆರೆದರೆ ನೀವು ಹೋಗುವುದಿಲ್ಲ ಎಂದು ತೆರೆಯಲಿಲ್ಲ. ಹೋಗಿ ಎನ್ನಲು ನನ್ನಿಂದಲೂ ಆಗುತ್ತಿರಲಿಲ್ಲ. "ಮಾಮ ಒಳಗೇ ಇದ್ದಾನಮ್ಮಾ, ಚಪ್ಪಲಿ ಇಲ್ಲೇ ಇದೆ" ಎಂದು ಮಗು ಹೇಳಿದ್ದು ಕೇಳಿಸಿತು. "ಅದು ಹಳೇ ಚಪ್ಪಲಿ ಕಣೇ, ಬಾ" ಎಂದು ನೀನು ಕರೆದುಕೊಂಡು ಹೋದೆ. ಆ ಚಪ್ಪಲಿ ಹೊಸದು. ನೆರೆಯಲ್ಲಿ ನೆನೆಯದೆ ಉಳಿದ ಒಂದೇ ಒಂದು ಹಾಸಿಗೆ ಮಾರಿ, ನನ್ನ ಮನೆಗೆ ಬಂದ ದಿನ ನೀನೇ ಕೊಡಿಸಿದ್ದು.