ಹುಳದ ಮನೆಯ ಹೊರಗಿಟ್ಟ ಫೋನು

ತೋಟದ ಮನೆ, ಶಿಡ್ಲಘಟ್ಟದ ಪಕ್ಕ
೧೨ ಡಿಸೆಂಬರ್ ೨೦೨೪, ಗುರುವಾರ

ನನ್ನ ಮುದ್ದು ಹರಿತಾ,

ನಾವಿಬ್ಬರೂ ಚೆನ್ನಾಗಿದ್ದೇವೆ. ರೇಷ್ಮೆ ಹುಳಗಳೂ ಚೆನ್ನಾಗಿವೆ. ಹೋದ ಭಾನುವಾರ ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದವು, ಈಗ ಎಷ್ಟು ಸೊಪ್ಪು ಹಾಕಿದರೂ ಸಾಲದು. ನಿಮ್ಮಪ್ಪ ಮತ್ತೊಂದು ಹೊರೆ ಕಡಿಯಲು ಹೋಗಿದ್ದಾರೆ. ಅಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಕಚೇರಿಯವಳ ದನಿಯಲ್ಲಿ ಮಾತಾಡುತ್ತೀಯಮ್ಮ. "ಅರ್ಥ ಆಗ್ತದಮ್ಮ, ಅರ್ಥ ಆಗ್ತದೆ" ಅಂತ ಶುರುಮಾಡಿದರೆ ನಾನು ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದಕ್ಕೆ ಆ ಅಭ್ಯಾಸವಿಲ್ಲ.

ವಿಷಯಕ್ಕೆ ಬರುತ್ತೇನೆ. ಈ ಬೆಳೆ ಮುಗಿಯುತ್ತಿದ್ದಂತೆ ಹುಳದ ಮನೆಗೆ ಬೀಗ ಹಾಕಿ, ಚಿಕ್ಕಬಳ್ಳಾಪುರಕ್ಕೆ ಬಂದು ನಿನ್ನ ಜೊತೆ ಇದ್ದು, ಬೆಳಿಗ್ಗೆ ಪಾರ್ಕಿನಲ್ಲಿ ನಾನು ನಡೆಯಬೇಕು ಎಂದು ನೀನು ಹೇಳಿದೆ. ಕಾರಣ, ನಿನ್ನ ಅಮ್ಮ ದಿನವಿಡೀ ಕೂತೇ ಇರುತ್ತಾಳೆಂದು ನಿಮ್ಮ ಸಂಸ್ಥೆಯ ಹೆಜ್ಜೆ ಎಣಿಸುವ ಆಪ್ ಹೇಳಿದೆ. ನೀನು ಅದನ್ನು ನಂಬಿದೆ.

ಸಕ್ಕರೆ ಕಾಯಿಲೆಯ ಹಳ್ಳಿಯವರನ್ನೆಲ್ಲ ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ, ಮೈ ಬಗ್ಗಿಸಿ ಓಡಾಡುವಂತೆ ಮಾಡುವ ನಿಮ್ಮ ಕೆಲಸ ಒಳ್ಳೆಯದೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಪ್ರತಿ ಸಂಜೆ ನನಗೆ ಬರುವ ಸಂದೇಶ ಏನೆಂದು ಗೊತ್ತೇ? "ಅಮ್ಮಾಜಮ್ಮ ಅವರೇ, ಇಂದು ನೀವು ಬಹಳ ಹೊತ್ತು ಕುಳಿತೇ ಇದ್ದೀರಿ. ಎದ್ದೇಳಿ, ಹತ್ತಿರದ ಉದ್ಯಾನವನಕ್ಕೆ ಹೋಗಿ ಬನ್ನಿ!" ಜೊತೆಗೆ ನಗುವ ಒಂದು ಬೂಟಿನ ಚಿತ್ರ. ಸೊಪ್ಪಿನ ಹೊರೆ ಇಳಿಸಿ, ಹುಳದ ತಟ್ಟೆಯಿಂದ ತಟ್ಟೆಗೆ ಬಗ್ಗಿ ಎದ್ದು, ಹಿಕ್ಕೆ ಬಳಿದು ಹೊರಬಂದವಳಿಗೆ ಬೂಟು ಬುದ್ಧಿ ಹೇಳುತ್ತದೆ! ಯಾವ ಉದ್ಯಾನವನ, ಹರಿತಾ? ನಮ್ಮೂರಿನಲ್ಲಿ ಇರುವ ಹಸಿರೆಲ್ಲ ಹುಳಕ್ಕೆ ಹಾಕುವುದೇ.

ನೀನು ಹುಟ್ಟಿ ಬೆಳೆದದ್ದು ಇದೇ ಮನೆಯಲ್ಲಿ. ಕೈಕಾಲು ತೊಳೆಯದೆ ಹುಳದ ಮನೆಯ ಹೊಸಿಲು ತುಳಿದಿದ್ದಕ್ಕೆ ನಿಮ್ಮಜ್ಜಿಯ ಹತ್ತಿರ ಏಟು ತಿಂದವಳು ನೀನು. ಊರಿನ ಹತ್ತು ಕೈ ಮುಟ್ಟಿದ ಫೋನನ್ನು ನಾನು ಒಳಗೆ ತೆಗೆದುಕೊಂಡು ಹೋಗುತ್ತೇನೆಯೇ? ಅದು ಹೊರಗೆ ಕಿಟಕಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿರುತ್ತದೆ. ಕೂತದ್ದು ಅದು, ಬೈಸಿಕೊಂಡದ್ದು ನಾನು.

ಕೋಪ ಬರುವುದು ಇದಕ್ಕೊಂದಕ್ಕೇ ಅಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಜೀಪಿನಲ್ಲಿ ಬಂದ ಒಬ್ಬರು, ಮುದ್ದೆ ಬಿಟ್ಟು ಅನ್ನ ತಿನ್ನಿ, ಮಕ್ಕಳು ಚುರುಕಾಗುತ್ತಾರೆ ಎಂದು ಭಾಷಣ ಮಾಡಿದ್ದರು. ಈಗ ಅಂಥವರೇ ರಾಗಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಬರುತ್ತಾರೆ. ಕೆರೆ ಕಟ್ಟೆಯ ಮೇಲೆ ನಡೆಯಲು ದಾರಿ ಮಾಡಿಸುತ್ತೇವೆ ಎಂದವರು ಎರಡು ಚುನಾವಣೆ ದಾಟಿದರು. ಕಟ್ಟೆಯ ಮೇಲೆ ಈಗಲೂ ಜಾಲಿಮುಳ್ಳು. ಹೇಳಲು ಬರುವವರು ಮೊದಲು ಕೇಳುವುದೇ ಇಲ್ಲ. ಅದು ಜೀಪಿನಲ್ಲಿ ಬಂದರೂ ಒಂದೇ, ಫೋನಿನಲ್ಲಿ ಬಂದರೂ ಒಂದೇ.

ಇನ್ನು ನಿಮ್ಮ ಗುಂಪಿನ ಚಾಂಪಿಯನ್ ವಿಷಯ. ನಿನ್ನ ಕೊಂಡಪ್ಪ ಮಾವ ವಾರವಾರವೂ ಮೊದಲನೆಯ ಸ್ಥಾನ, ಹೌದಲ್ಲ? ನನ್ನ ತಮ್ಮನನ್ನು ನಾನು ಬಲ್ಲೆ. ನೂಲು ತೆಗೆಯುವ ಯೂನಿಟ್ಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಊಟಕ್ಕೇ ಏಳುವುದು. ದೀಪಾವಳಿಯ ನೋಮಿ ಪೂಜೆಗೆ ಬಂದವನು ಕಜ್ಜಾಯದ ತಟ್ಟೆ ಬಿಡಲೇ ಇಲ್ಲ. ನಾನು ಗದರಿದರೆ, "ಏಮಕ್ಕಾ, ನೀನು ಲಾಸ್ಟು, ನಾನು ಫಸ್ಟು. ಹಾಕು ಇನ್ನೊಂದು, ಎಲ್ಲ ಕರಗೋಗ್ತದೆ" ಎಂದು ಫೋನು ತೋರಿಸಿದ. ಅವನ ಹೆಂಡತಿ ಮಂಗಮ್ಮ ಒಲೆಯ ಮುಂದಿನಿಂದಲೇ, "ಯಾವಾಗ ನಡೀತಾರೋ ನಂಗಂತೂ ಕಾಣೆ ಅತ್ಗೆ. ಯೂನಿಟ್ಟಿಗೆ ಹೋಗೋದೂ ಸ್ಕೂಟರ್‌ನಾಗೇ" ಎಂದಳು.

ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಅವನ ಸಕ್ಕರೆ ಮೊದಲಿಗಿಂತ ಮೇಲೆ. ಡಾಕ್ಟರು ಗದರಿಸಿ ಕಳಿಸಿದ್ದರು. ಅವನು ಹೆದರಿ ನನಗೆ ಹೇಳಿದ. ಮಾರನೆಯ ದಿನ ಯೂನಿಟ್ಟಿಗೆ ಹೋಗಿ ನೋಡುತ್ತೇನೆ, ಹಾಡು ಕೇಳಲೆಂದು ಫೋನನ್ನು ನೂಲು ಸುತ್ತುವ ಯಂತ್ರದ ಚೌಕಟ್ಟಿಗೆ ಸಿಕ್ಕಿಸಿದ್ದಾನೆ! ಯಂತ್ರ ತಿರುಗಿದಷ್ಟು ಹೊತ್ತೂ ಫೋನು ಗಡಗಡ ಅಲುಗುತ್ತಿದೆ. ಕೊಂಡಪ್ಪ ಕುರ್ಚಿಯಲ್ಲಿ, ಫೋನು ಅಷ್ಟು ದೂರದ ಮುರುಗಮಲ್ಲದ ದರ್ಗಾ ಮುಟ್ಟಿ ಬರುವಷ್ಟು ನಡಿಗೆಯಲ್ಲಿ. ನಾನು ಅಲ್ಲೇ ಕೂತು ನಕ್ಕೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ದೇವ್ರಾಣೆ ನಂಗೊತ್ತಿಲ್ಲಕ್ಕಾ, ನಾನ್ ನಿಜ ಅಂದ್ಕೊಂಡಿದ್ದೆ" ಎಂದಾಗ ಮುಖ ಸಣ್ಣದಾಗಿತ್ತು. ಮೋಸ ಮಾಡಲಿಲ್ಲ ಪಾಪ. ತನ್ನ ಕಾಲಿಗಿಂತ ಫೋನನ್ನು ನಂಬಿದ. ನೀನೂ ಹಾಗೇ ಮಾಡಿದ್ದು. ಗುಂಪಿನಲ್ಲಿ ಇದನ್ನು ಹಾಕಿ ಅವನ ಮಾನ ಕಳೆಯಬೇಡ.

ನಿನ್ನ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಗೂಡು ಮಾರಿ, ಮನೆ ತೊಳೆದು ಸುಣ್ಣ ಹೊಡೆದ ಮೇಲೆ ಹೊಸ ಹುಳ ಬರುವವರೆಗೆ ನಾನು ಜಗುಲಿ ಬಿಟ್ಟು ಏಳುವುದಿಲ್ಲ. ಪತ್ರಿಕೆ, ಪುಸ್ತಕ, ಕಾಫಿ, ಮತ್ತೆ ಪತ್ರಿಕೆ. ಆ ದಿನಗಳಲ್ಲಿ ಬೂಟು ಹೇಳಿದ್ದು ನಿಜವೇ. ಹುಳದ ಮನೆಯ ಬಗ್ಗಿ ಏಳುವ ಕೆಲಸ ಬೇರೆ, ನಿಲ್ಲದೆ ಬಿರುಸಾಗಿ ನಡೆಯುವುದು ಬೇರೆ, ಎರಡೂ ಬೇಕು ಎಂದು ಡಾಕ್ಟರೂ ಹೇಳಿದರು. ನನಗೆ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ, ಆದರೂ ಒಪ್ಪಿಕೊಂಡೆ.

ಈಗ ಬೆಳಿಗ್ಗೆ ಮೊದಲ ಸೊಪ್ಪು ಹಾಕಿದ ಮೇಲೆ ನಾನು, ಕೊಂಡಪ್ಪ, ಮಂಗಮ್ಮ ಕೆರೆಯ ಕಡೆ ನಡೆಯುತ್ತೇವೆ. ನಿಮ್ಮಪ್ಪ ಮುಂದೆ ಮಚ್ಚು ಹಿಡಿದು ಜಾಲಿ ಸವರುತ್ತಾರೆ. ಚುನಾವಣೆ ಕಾಯಲಿಲ್ಲ. ನಿಮ್ಮಜ್ಜಿಯ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಅದರಲ್ಲಿ ಫೋನಿಟ್ಟುಕೊಳ್ಳುತ್ತೇನೆ. ಕಟ್ಟೆಯ ಮೇಲೆ ನಿಂತು ನೀನು ಗುಂಪಿಗೆ ಕಳಿಸುವ ವ್ಯಾಯಾಮದ ವಿಡಿಯೊ ಹಾಕಿಕೊಂಡು ಕೈ ಎತ್ತಿ ಇಳಿಸುತ್ತೇವೆ. ಎಮ್ಮೆ ಮೇಯಿಸುವವರು ನಿಂತು ನೋಡುತ್ತಾರೆ. ನಿನ್ನ ದನಿ ಕೇಳಿ ದಿನ ಶುರುವಾಗುವುದು ನನಗೆ ಹಿತವಾಗಿದೆ, ಇದನ್ನು ನಿನ್ನ ಕಚೇರಿಗೆ ಹೇಳಬೇಡ. ಕಳೆದ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆ ಹೆಚ್ಚಿಸುವುದು ಬೇಡ, ಹೀಗೇ ಇರಲಿ ಎಂದರು.

ಆದ್ದರಿಂದ ಹುಳದ ಮನೆಗೆ ಬೀಗ ಬೀಳುವುದಿಲ್ಲ. ಹುಳಗಳು ಸೊಪ್ಪು ಮೇಯುವ ಸದ್ದು ಕಿವಿಗೆ ಬೀಳದಿದ್ದರೆ ನನ್ನ ಕಾಯಿಲೆ ಹೆಚ್ಚೀತೇ ಹೊರತು ಇಳಿಯದು. ನಿಮ್ಮ ಸಂಸ್ಥೆಯವರಿಗೆ ಇಷ್ಟು ಹೇಳು. ಸಂದೇಶ ಕಳಿಸುವ ಮೊದಲು ಏನು ಕೆಲಸ ಮಾಡುತ್ತೀರಿ ಎಂದು ಕೇಳಲಿ. ಉದ್ಯಾನವನ ತೆಗೆದು ಕೆರೆ ಕಟ್ಟೆ ಎಂದು ಹಾಕಲಿ. ಆ ಬೂಟು ನಗುವುದನ್ನು ನಿಲ್ಲಿಸಲಿ.

ನಿಮ್ಮಪ್ಪ ಹೊರೆ ಇಳಿಸಿದ ಸದ್ದಾಯಿತು. ಏಳುತ್ತೇನೆ.

ಹುಳದ ಮನೆ ಬಾಗಿಲಿನಿಂದ,
ನಿನ್ನ ಅಮ್ಮ

ಮರೆತದ್ದು: ಈ ಕಾಗದ ತರುತ್ತಿರುವ ಅಳಿಯ ಸುನೀಲ್‌ಕುಮಾರ್ ಅವರ ಮೇಲೆ ರೇಗಬೇಡ. ಚಹಾ ಕುಡಿಯುತ್ತ ತಡೆಯಲಾರದೆ ಹೇಳಿಬಿಟ್ಟರು. ಹೋದ ತಿಂಗಳು ನಿನ್ನ ರಕ್ತದಲ್ಲೂ ಸಕ್ಕರೆ ಕಂಡಿತಂತೆ, ಅಮ್ಮನಿಗೆ ಹೇಳಬೇಡಿ ಎಂದೆಯಂತೆ. ಊರಿಗೆಲ್ಲ ಎದ್ದೇಳಿ ಎಂದು ಹೇಳುತ್ತ ಬೆಳಗಿನಿಂದ ಸಂಜೆಯವರೆಗೆ ಆ ಕಂಪ್ಯೂಟರಿನ ಮುಂದೆ ಕೂರುವವಳು ನೀನು. ನನ್ನನ್ನು ಅಲ್ಲಿಗೆ ಕರೆದದ್ದು ಯಾರ ಸಕ್ಕರೆಯ ಭಯಕ್ಕೆ ಎಂದು ಈಗ ತಿಳಿಯಿತು, ಕಂದಾ. ಭಾನುವಾರ ಬಾ. ಹುಳ ಹಣ್ಣಾಗಿ ಗೂಡು ಕಟ್ಟಲು ಹೊರಡುವ ಹೊತ್ತು, ಆರಿಸಲು ಕೈ ಸಾಲದು. ಕೈಕಾಲು ತೊಳೆದು, ಫೋನನ್ನು ನನ್ನದರ ಪಕ್ಕದಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಬಾ. ಸಂಜೆ ಆ ಬೂಟು ನಮ್ಮಿಬ್ಬರನ್ನೂ ಒಟ್ಟಿಗೆ ಬೈಯಲಿ.