ಮೊದಲನೆಯ ರ‍್ಯಾಮ್

“ಇನ್ನೂ ಎಷ್ಟು ಒತ್ತಬೇಕು?” ಎಂದು ಬೆಳಿಗ್ಗೆ ಗಟ್ಟಿಯಾಗಿಯೇ ಕೇಳಿಬಿಟ್ಟೆ, ಮೈದುನರಾಯ. ಮನೆಯಲ್ಲಿ ಯಾರೂ ಇರಲಿಲ್ಲ.

ನಿನ್ನ ಕಂಪ್ಯೂಟರಿಗೆ ಎರಡನೆಯ ರ‍್ಯಾಮ್, ಆ ನೆನಪಿನ ಪಟ್ಟಿ, ಅಂತೂ ಕೂತಿದೆ. ನಿನ್ನೆಯೆಲ್ಲ ನೀನು ಅದನ್ನು ಹಿಂದುಮುಂದಾಗಿ ಹಿಡಿದು ಗುದ್ದಾಡಿದ್ದೀಯ, ಜಾಣ. ಸರಿಯಾಗಿ ಹಿಡಿದರೂ ಒಂದು ತುದಿ ಇಳಿಯಿತು, ಇನ್ನೊಂದು ಇಳಿಯಲಿಲ್ಲ. ಮುರಿದೀತೆಂದು ಒತ್ತುವುದನ್ನು ಬಿಟ್ಟೆ. ನಿಮ್ಮಣ್ಣ ಇಂಥ ಕೆಲಸಕ್ಕೆ ಕೂತಾಗ ಪದ್ಯ ಹೇಳಿಕೊಳ್ಳುತ್ತಾ, ಅರ್ಧ ಸಾಲಿಗೆ ನಿಲ್ಲಿಸಿ ಒತ್ತುತ್ತಿದ್ದರಲ್ಲ, ನಾನೂ ಹಾಗೇ ಮಾಡಿದೆ. ಟಕ್ ಎಂದು ಕೊಂಡಿ ಬಿತ್ತು. ಉಳಿದರ್ಧ ಸಾಲನ್ನು ನಾನು ಹೇಳಲೇ ಇಲ್ಲ. ಆದರೂ ಪಕ್ಕದ ಕೋಣೆಯಿಂದ ಅದು ಅವರ ದನಿಯಲ್ಲಿ ಪೂರ್ತಿ ಕೇಳಿಸಿತು. ದೇವರಾಣೆ, ನಗಬೇಡ.

ಸ್ವಿಚ್ ಹಾಕಿದರೆ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಪರದೆ ಕಪ್ಪು.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೋ. ಸ್ಕ್ರೂಗಳು ದೇವರ ದೀಪದ ಪಕ್ಕದ ಬಟ್ಟಲಲ್ಲಿವೆ.

ಇದರೊಳಗಿರುವ ನಕ್ಷೆಯನ್ನು ನಾಳೆ ಕೊಡದಿದ್ದರೆ ನಿನ್ನ ಕೆಲಸ ಕೈತಪ್ಪುತ್ತದೆಂದು ಗೊತ್ತು. ಎರಡನ್ನೂ ತೆಗೆದು ಒಂದೊಂದಾಗಿ ಹಾಕಿ ನೋಡಬೇಕೆಂದು ಕಂಪ್ಯೂಟರ್ ಅಂಗಡಿಯವರು ನಿನಗೆ ಹೇಳಿದರಂತೆ. “ನಾ ಬರೋಷ್ಟರಲ್ಲಿ ಅಣ್ಣ ಹಾಕಿದ್ದನ್ನೂ ತೆಗೆದಿಡಿ ಅತ್ತಿಗೆ” ಎಂದು ನೀನು ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದೆ! ನಾನು ಕೂರಿಸಿದ್ದನ್ನು ಎಷ್ಟು ಸಲ ಬೇಕಾದರೂ ತೆಗೆಯುತ್ತೇನೆ. ಮೊದಲನೆಯದನ್ನು ನಿಮ್ಮಣ್ಣ ಕೂರಿಸಿದ್ದು ಆಸ್ಪತ್ರೆಗೆ ಹೊರಟ ಬೆಳಿಗ್ಗೆ. ಮತ್ತೆ ಮನೆಗೆ ಬರಲಿಲ್ಲ. ಅದರ ಮೇಲೆ ಅವರ ಹೆಬ್ಬೆರಳಿನ ಗುರುತು ಇನ್ನೂ ಇದೆ, ಓರೆಯಾಗಿ ಟಾರ್ಚ್ ಬಿಟ್ಟರೆ ಕಾಣುತ್ತದೆ.

ಅದನ್ನು ನಾನು ತೆಗೆಯುವುದಿಲ್ಲ.